ಬಿಸಿಯೇರದ ಎಂಜಿನ್

ಎಂಜಿನ್ ಮಿತಿಮೀರಿ ಕಾದರೆ ಊರಿಗೆಲ್ಲ ಗೊತ್ತಾಗುತ್ತದೆ. ಬಾನೆಟ್ ಸಂದಿಯಿಂದ ಹಬೆ ಏಳುತ್ತದೆ, ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಗಾಡಿ ರಸ್ತೆ ಬದಿಗೆ ಸೇರುತ್ತದೆ. ಅದೇ ಎಂಜಿನ್ ಕಾಯಬೇಕಾದಷ್ಟು ಕಾಯದೇ ಇದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ಕೆಳಗೇ ಮಲಗಿದ್ದರೆ 'ತಣ್ಣಗಿದೆಯಲ್ಲ, ಒಳ್ಳೆಯದೇ' ಎಂದುಕೊಂಡು ಮುಂದೆ ಹೋಗುತ್ತೇವೆ. ಚಳಿಯ ದೇಶಗಳಲ್ಲಿ ಹೀಗಾಗುವುದಿಲ್ಲ. ಅಲ್ಲಿ ಕಾರಿನೊಳಗಿನ ಹೀಟರ್‌ಗೆ ಬಿಸಿ ಸಿಗುವುದು ಎಂಜಿನ್ನಿನ ನೀರಿನಿಂದಲೇ. ಎಂಜಿನ್ ತಣ್ಣಗಿದ್ದರೆ ಕೂತವರ ಕಾಲು ಮರಗಟ್ಟುತ್ತದೆ, ಮರುದಿನವೇ ಕಾರು ಗ್ಯಾರೇಜಿಗೆ ಹೋಗುತ್ತದೆ. ನಮ್ಮಲ್ಲಿ ಹೀಟರ್ ಗುಂಡಿಯನ್ನು ಒಮ್ಮೆಯೂ ತಿರುಗಿಸದೆ ಕಾರು ಮಾರಿದವರಿದ್ದಾರೆ. ಹಾಗಾಗಿ ಈ ದೋಷ ಇಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಉಳಿದುಬಿಡುತ್ತದೆ. ಮೈಲೇಜ್ ಯಾಕೋ ಕಡಿಮೆಯಾಯಿತು, ಪಿಕಪ್ ಯಾಕೋ ಸರಿಯಿಲ್ಲ ಎಂಬ ಗೊಣಗಾಟದಲ್ಲಷ್ಟೇ ಅದರ ಸುಳಿವು ಸಿಗುತ್ತದೆ.

ಇಂದಿನ ಬಹುತೇಕ ಕಾರುಗಳ ಎಂಜಿನ್ನಿನಲ್ಲಿ ಸುತ್ತುವ ಕೂಲೆಂಟ್ 85ರಿಂದ 100 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಅದು 60ರಲ್ಲೋ 65ರಲ್ಲೋ ನಿಂತುಬಿಟ್ಟರೆ ಎಂಜಿನ್ನಿಗೆ ಕಾಯಿಲೆಯಿದೆ ಎಂದೇ ಅರ್ಥ. ಕಾಯಿಲೆ ಯಾವುದು, ಎಲ್ಲಿದೆ ಎಂದು ಪತ್ತೆ ಹಚ್ಚಲು ದುಬಾರಿ ಉಪಕರಣಗಳಿಗಿಂತ ಸರಿಯಾದ ಪ್ರಶ್ನೆಗಳನ್ನು ಸರಿಯಾದ ಸರದಿಯಲ್ಲಿ ಕೇಳುವುದು ಮುಖ್ಯ. ಅದಕ್ಕೂ ಮೊದಲು ಈ ಬಿಸಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ ತಿಳಿದಿರಬೇಕು.

ಆರು ಗೀಸರ್‌ಗಳ ಬಿಸಿ

ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವ ಸಾಧಾರಣ ಪೆಟ್ರೋಲ್ ಕಾರು ಗಂಟೆಗೆ ಸುಮಾರು ನಾಲ್ಕೂವರೆ ಲೀಟರ್ ಇಂಧನ ಸುಡುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಅಡಗಿದೆ. ಅಂದರೆ ಕಾರು ಒಟ್ಟು 40 ಕಿಲೋವ್ಯಾಟ್ ದರದಲ್ಲಿ ಶಕ್ತಿಯನ್ನು ಸುಡುತ್ತಿದೆ. ಇದರಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಚಕ್ರಕ್ಕೆ ಹೋಗುತ್ತದೆ. ಮೂರನೆಯ ಒಂದು ಭಾಗ ಸೈಲೆನ್ಸರ್ ಮೂಲಕ ಆಚೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು, ಅಂದಾಜು 12 ಕಿಲೋವ್ಯಾಟ್, ಕೂಲೆಂಟ್‌ಗೆ ಸೇರುತ್ತದೆ. ಬಚ್ಚಲುಮನೆಯ ಎರಡು ಕಿಲೋವ್ಯಾಟ್ ಗೀಸರ್‌ಗಳನ್ನು ಆರು ಒಟ್ಟಿಗೆ ಹಚ್ಚಿದಷ್ಟು ಬಿಸಿ ಇದು. ಗಾಡಿ ಸಿಗ್ನಲ್ಲಿನಲ್ಲಿ ನಿಂತಾಗ ಇದು ಒಂದು ಗೀಸರಿನ ಮಟ್ಟಕ್ಕೆ ಇಳಿಯುತ್ತದೆ.

ಇನ್ನು ರೇಡಿಯೇಟರ್ ಕಡೆಯ ಲೆಕ್ಕ. ರೇಡಿಯೇಟರನ್ನು ಯಾರೂ ಸಾಮಾನ್ಯ ದಿನಕ್ಕಾಗಿ ವಿನ್ಯಾಸ ಮಾಡುವುದಿಲ್ಲ. ಮೇ ತಿಂಗಳ ಮಧ್ಯಾಹ್ನ, ಹೊರಗೆ 45 ಡಿಗ್ರಿ, ಒಳಗೆ ಐದು ಜನ, ಎ.ಸಿ. ಚಾಲು, ಮುಂದೆ ಘಾಟಿಯ ಏರು: ಅಂಥ ಹೊತ್ತಿನಲ್ಲೂ ಕೂಲೆಂಟ್ 105 ಡಿಗ್ರಿ ದಾಟದಂತೆ ಅದು ನೋಡಿಕೊಳ್ಳಬೇಕು. ಆಗ 30 ಕಿಲೋವ್ಯಾಟ್ ಬಿಸಿಯನ್ನು ಹೊರಹಾಕಬೇಕು ಎಂದಿಟ್ಟುಕೊಂಡರೆ, ಕೂಲೆಂಟ್ ಮತ್ತು ಗಾಳಿಯ ನಡುವಿನ 60 ಡಿಗ್ರಿ ಅಂತರಕ್ಕೆ 30 ಕಿಲೋವ್ಯಾಟ್, ಅಂದರೆ ಒಂದು ಡಿಗ್ರಿಗೆ ಅರ್ಧ ಕಿಲೋವ್ಯಾಟ್ ಸಾಮರ್ಥ್ಯ ಬೇಕು. ಇದೇ ರೇಡಿಯೇಟರ್ ಡಿಸೆಂಬರಿನ ಬೆಳಿಗ್ಗೆ 26 ಡಿಗ್ರಿ ಗಾಳಿಯಲ್ಲಿ ನಮ್ಮ ಆರು ಗೀಸರ್‌ಗಳ ಬಿಸಿಯನ್ನು ಕಳೆಯಲು ಬರೀ 24 ಡಿಗ್ರಿ ಅಂತರ ಸಾಕು. 26ಕ್ಕೆ 24 ಕೂಡಿಸಿ: ಕೂಲೆಂಟ್ 50 ಡಿಗ್ರಿಗೆ ಬಂದು ನಿಲ್ಲುತ್ತದೆ!

ಇದು ಒರಟು ಲೆಕ್ಕ. ಆದರೆ ತಾತ್ಪರ್ಯ ಸರಿಯಾಗಿದೆ. ಲಗಾಮಿಲ್ಲದ ರೇಡಿಯೇಟರ್ ಹೆಚ್ಚಿನ ಸಮಯವೆಲ್ಲ ಎಂಜಿನ್ನನ್ನು ಅತಿಯಾಗಿ ತಣಿಸುತ್ತದೆ. ಆ ಲಗಾಮಿನ ಹೆಸರು ಥರ್ಮೋಸ್ಟಾಟ್.

ಮೇಣದ ಕೆಲಸ

ಹಿಂದೆ ಈ ಲಗಾಮೇ ಇರಲಿಲ್ಲ. ಅಮೆರಿಕದ ರಸ್ತೆಗಳನ್ನು ತುಂಬಿದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಬಹುಪಾಲಿಗೆ ನೀರಿನ ಪಂಪೂ ಇರಲಿಲ್ಲ. ಬಿಸಿನೀರು ಹಗುರಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ ಎಂಬ ಸರಳ ತತ್ವದ ಮೇಲೇ ಅವುಗಳ ನೀರು ಸುತ್ತುತ್ತಿತ್ತು. ಚಳಿಗಾಲ ಬಂತೆಂದರೆ ಮಾಲೀಕರು ರೇಡಿಯೇಟರ್ ಮುಂದೆ ರಟ್ಟನ್ನೋ ಕಂಬಳಿಯನ್ನೋ ಕಟ್ಟಿ ಗಾಳಿ ತಡೆಯುತ್ತಿದ್ದರು. ಮುಂದೆ ಆಲ್ಕೊಹಾಲಿನಂಥ ದ್ರವ ತುಂಬಿದ ತೆಳು ಲೋಹದ ತಿದಿಗಳು ಬಂದವು. 1934ರಲ್ಲಿ ಸರ್ಜಿಯಸ್ ವರ್ನೆ ಎಂಬಾತ ದ್ರವದ ಬದಲು ಮೇಣ ಬಳಸುವ ಥರ್ಮೋಸ್ಟಾಟ್ ಕಂಡುಹಿಡಿದ. ಇಂದಿಗೂ ಬಹುತೇಕ ಎಂಜಿನ್ನುಗಳಲ್ಲಿರುವುದು ಅದೇ.

ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತು ಅದು. ಮಧ್ಯದಲ್ಲಿ ಹಿತ್ತಾಳೆಯದೋ ತಾಮ್ರದ್ದೋ ಪುಟ್ಟ ಡಬ್ಬಿ, ಅದರೊಳಗೆ ಮೇಣ. ಬಿಸಿ ಬೇಗ ಒಳಗೆ ಹರಡಲೆಂದು ಮೇಣದಲ್ಲಿ ತಾಮ್ರದ ಪುಡಿ ಬೆರೆಸಿರುತ್ತಾರೆ. ಗೊತ್ತಾದ ಉಷ್ಣಾಂಶಕ್ಕೆ ಕರಗುವಂತೆ ಮೇಣವನ್ನು ಹದ ಮಾಡಿರುತ್ತಾರೆ. ಕರಗುವಾಗ ಮೇಣ ಹಿಗ್ಗುತ್ತದೆ, ರಬ್ಬರಿನ ಕೊಳವೆಯನ್ನು ಹಿಂಡಿ ಉಕ್ಕಿನ ಕಡ್ಡಿಯೊಂದನ್ನು ಆಚೆ ನೂಕುತ್ತದೆ. ಕವಾಟ ತೆರೆಯುತ್ತದೆ, ಕೂಲೆಂಟ್ ರೇಡಿಯೇಟರ್ ಕಡೆ ಹರಿಯುತ್ತದೆ. ತಣ್ಣಗಾದಾಗ ಮೇಣ ಗಟ್ಟಿಯಾಗಿ ಕುಗ್ಗುತ್ತದೆ, ಸ್ಪ್ರಿಂಗ್ ಕವಾಟವನ್ನು ಮುಚ್ಚುತ್ತದೆ. ಕರೆಂಟಿಲ್ಲ, ಕಂಪ್ಯೂಟರಿಲ್ಲ. ಕವಾಟದ ಅಂಚಿನಲ್ಲಿ 82 ಅಥವಾ 88 ಎಂದು ಕೊರೆದಿರುತ್ತದೆ. ಕವಾಟ ತೆರೆಯಲು ಶುರುವಾಗುವ ಡಿಗ್ರಿ ಅದು. ಅಲ್ಲಿಂದ ಹತ್ತು ಹದಿನೈದು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆದಿರುತ್ತದೆ.

ಇದು ಎರಡು ರೀತಿ ಕೆಡಬಹುದು. ಡಬ್ಬಿ ಸೋರಿ ಮೇಣ ಹೋದರೆ ತಳ್ಳುವವರಿಲ್ಲದೆ ಕವಾಟ ಮುಚ್ಚಿಕೊಂಡೇ ಇರುತ್ತದೆ, ಎಂಜಿನ್ ಕುದಿಯುತ್ತದೆ. ಸ್ಪ್ರಿಂಗ್ ಮುರಿದರೆ, ಕಡ್ಡಿಗೆ ತುಕ್ಕು ಹಿಡಿದರೆ ಅಥವಾ ಕವಾಟದ ಬಾಯಲ್ಲಿ ಕಸ ಸಿಕ್ಕಿಕೊಂಡರೆ ಅದು ತೆರೆದೇ ಉಳಿಯುತ್ತದೆ. ತಣ್ಣನೆಯ ಎಂಜಿನ್ನಿನ ಕಥೆಗಳಲ್ಲಿ ಹೆಚ್ಚಿನವುಗಳ ಮೂಲ ಈ ಎರಡನೆಯದು.

ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ. 'ನಮ್ಮ ಬಿಸಿಲಿಗೆ ಈ ವಾಲ್ವ್ ಯಾಕೆ ಬೇಕು, ತೆಗೆದುಬಿಡೋಣ' ಎಂದು ಮೆಕ್ಯಾನಿಕ್‌ಗಳೇ ಅದನ್ನು ಕಿತ್ತುಹಾಕುವ ರೂಢಿ. ಓವರ್‌ಹೀಟ್ ಆಗುವ ಹಳೆಯ ಗಾಡಿಗಳಿಗೆ ಇದು ಎಷ್ಟೋ ಕಡೆ ಮೊದಲ ಮದ್ದು. ಹಾಗೆ ಕಿತ್ತ ಗಾಡಿ ಕೈಬದಲಾಗಿ ನಿಮ್ಮ ಬಳಿ ಬಂದಿದ್ದರೆ ಒಳಗೆ ಥರ್ಮೋಸ್ಟಾಟೇ ಇಲ್ಲ ಎಂಬುದು ನಿಮಗೆ ಗೊತ್ತೇ ಇರುವುದಿಲ್ಲ. ಇನ್ನೂ ವಿಚಿತ್ರವೆಂದರೆ ಕೆಲವು ಎಂಜಿನ್ನುಗಳಲ್ಲಿ ಈ ಉಪಾಯ ತಿರುಗುಬಾಣವಾಗುತ್ತದೆ. ಅಲ್ಲಿ ಥರ್ಮೋಸ್ಟಾಟಿನ ಕೆಳತುದಿಯಲ್ಲಿ ಇನ್ನೊಂದು ಬಿಲ್ಲೆ ಇರುತ್ತದೆ. ಮೇಲಿನ ಕವಾಟ ತೆರೆದಾಗ ಅದು, ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುವ ಬೈಪಾಸ್ ದಾರಿಯನ್ನು ಮುಚ್ಚಿ ನೀರನ್ನೆಲ್ಲ ರೇಡಿಯೇಟರಿಗೆ ಕಳಿಸುತ್ತದೆ. ಇಡೀ ಥರ್ಮೋಸ್ಟಾಟನ್ನೇ ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ. ಒಂದಷ್ಟು ಬಿಸಿನೀರು ರೇಡಿಯೇಟರನ್ನು ಕಾಣದೆ ಎಂಜಿನ್ನಿಗೇ ಮರಳುತ್ತದೆ. ಸಮತಟ್ಟು ರಸ್ತೆಯಲ್ಲಿ ಅತಿ ತಣ್ಣಗಿರುವ ಆ ಗಾಡಿ ಘಾಟಿ ಏರುವಾಗ ಕುದಿಯಬಹುದು.

ತಣ್ಣಗಿದ್ದರೆ ನಷ್ಟವೇನು?

ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಆಗುವ ನೀರು ಅದು. ಬಿಸಿ ಎಂಜಿನ್ನಿನಲ್ಲಿ ಅದೆಲ್ಲ ಆವಿಯಾಗಿಯೇ ಹೊರಹೋಗುತ್ತದೆ. ಸಿಲಿಂಡರ್ ಗೋಡೆ ತಣ್ಣಗಿದ್ದರೆ ಒಂದಷ್ಟು ಆವಿ ಅಲ್ಲೇ ಹನಿಗಟ್ಟಿ, ಸುಟ್ಟ ಅನಿಲಗಳ ಜೊತೆ ಸೇರಿ ಆಮ್ಲವಾಗುತ್ತದೆ. ಸಿಲಿಂಡರ್ ಸವೆಯುವುದು ಉಜ್ಜಾಟದಿಂದ ಮಾತ್ರವಲ್ಲ, ತಣ್ಣನೆಯ ಗೋಡೆಯನ್ನು ತಿನ್ನುವ ಈ ಆಮ್ಲದಿಂದಲೂ ಎಂಬುದನ್ನು ಬ್ರಿಟನ್ನಿನ ಎಂಜಿನಿಯರ್‌ಗಳು 1930ರ ದಶಕದಲ್ಲೇ ತೋರಿಸಿದ್ದರು. 2020ರ ಏಪ್ರಿಲ್‌ನಿಂದ ನಮ್ಮಲ್ಲಿ ಸಿಗುವ ಬಿ.ಎಸ್.-6 ಇಂಧನದಲ್ಲಿ ಗಂಧಕದ ಪ್ರಮಾಣ ಹತ್ತು ಲಕ್ಷದಲ್ಲಿ 10 ಭಾಗಕ್ಕೆ ಇಳಿದಿರುವುದರಿಂದ ಆಮ್ಲದ ಕಾಟ ಮೊದಲಿನಷ್ಟಿಲ್ಲ. ನೀರಿನ ಕಾಟ ಮಾತ್ರ ಹಾಗೆಯೇ ಇದೆ. ಎಂಜಿನ್ ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ನೋಡಿ. ಒಳಬದಿಯಲ್ಲಿ ಹಾಲುಗಾಫಿ ಬಣ್ಣದ ದಪ್ಪ ನೊರೆ ಅಂಟಿದ್ದರೆ ಆಯಿಲ್‌ನಲ್ಲಿ ನೀರು ಕೂಡಿದೆ. ಕೂಲೆಂಟೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಕೂಲೆಂಟ್ ಮಟ್ಟ ಸರಿಯಿದ್ದರೆ ಎಂಜಿನ್ ಸರಿಯಾಗಿ ಕಾಯುತ್ತಿಲ್ಲ ಎಂದೇ ತಿಳಿಯಬಹುದು.

ಆಯಿಲ್‌ನ ಇನ್ನೊಂದು ಗುಣವೂ ಇಲ್ಲಿ ಮುಖ್ಯ. ಕಾರುಗಳಿಗೆ ಹಾಕುವ ಸಾಮಾನ್ಯ ಆಯಿಲ್ 100 ಡಿಗ್ರಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಐದಾರು ಪಟ್ಟು ಮಂದವಾಗಿರುತ್ತದೆ. ಆ ಮಂದ ಆಯಿಲ್ಲನ್ನು ಕಲಕುತ್ತ ಸುತ್ತಲು ಎಂಜಿನ್ ಹೆಚ್ಚು ಇಂಧನ ಸುಡುತ್ತದೆ. ಸಾಲದ್ದಕ್ಕೆ ಎಂಜಿನ್ನಿನ ಕಂಪ್ಯೂಟರು, ಅಂದರೆ ಇ.ಸಿ.ಯು., ಕೂಲೆಂಟ್ ತಣ್ಣಗಿದೆಯೆಂದು ತಿಳಿದು ಇನ್ನೂ ಸ್ಟಾರ್ಟ್ ಮಾಡಿದ ಹೊಸದರಲ್ಲೇ ಇದ್ದೇವೆಂದು ಪೆಟ್ರೋಲನ್ನು ಧಾರಾಳವಾಗಿ ಸಿಂಪಡಿಸುತ್ತದೆ. ಸುಡದೆ ಉಳಿದ ಇಂಧನ ಗೋಡೆಯ ಮೇಲೆ ಜಾರಿ ಆಯಿಲ್‌ಗೆ ಸೇರುತ್ತದೆ. ಹೊಸ ಡೀಸೆಲ್ ಗಾಡಿಗಳಲ್ಲಿ ತೊಂದರೆ ಇನ್ನೂ ದೊಡ್ಡದು. ಅವುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಅದರಲ್ಲಿ ಕೂಡಿದ ಮಸಿಯನ್ನು ಆಗಾಗ ಸುಮಾರು 600 ಡಿಗ್ರಿಯಲ್ಲಿ ಸುಟ್ಟು ತೆಗೆಯಬೇಕು. ಕೂಲೆಂಟ್ ಸಾಕಷ್ಟು ಕಾಯದಿದ್ದರೆ ಅನೇಕ ಗಾಡಿಗಳ ಇ.ಸಿ.ಯು. ಈ ಕೆಲಸವನ್ನು ಶುರುವೇ ಮಾಡುವುದಿಲ್ಲ. ಕೆಲವು ನೂರು ರೂಪಾಯಿಯ ವಾಲ್ವ್ ಕೆಟ್ಟಿದ್ದಕ್ಕೆ ಸಾವಿರಾರು ರೂಪಾಯಿಯ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಮೊದಲ ಪ್ರಶ್ನೆ: ಎಂಜಿನ್ ತಣ್ಣಗಿದೆಯೋ, ಮೀಟರ್ ಸುಳ್ಳು ಹೇಳುತ್ತಿದೆಯೋ?

ಈ ಪ್ರಶ್ನೆ ಕೇಳದೆ ಥರ್ಮೋಸ್ಟಾಟ್ ಬದಲಿಸಿದವರು, ಆಮೇಲೂ ಮುಳ್ಳು ಕೆಳಗೇ ಇರುವುದನ್ನು ಕಂಡು ಪೆಚ್ಚಾಗುತ್ತಾರೆ. ಎಂಜಿನ್ನಿನ ಬಿಸಿ ನಮಗೆ ನೇರವಾಗಿ ಕಾಣುವುದಿಲ್ಲ. ಸೆನ್ಸರ್, ತಂತಿ, ಕನೆಕ್ಟರ್, ಮೀಟರ್ ಇವೆಲ್ಲ ದಾಟಿ ಬಂದ ಸುದ್ದಿಯಷ್ಟೇ ಕಾಣುತ್ತದೆ. ನಡುವೆ ಯಾವುದು ಕೆಟ್ಟರೂ ಸುದ್ದಿ ಕೆಡುತ್ತದೆ.

ಕೂಲೆಂಟ್ ಸೆನ್ಸರ್ ಒಂದು ಬಗೆಯ ರೋಧಕ. ಬಿಸಿಯಾದಷ್ಟೂ ಅದರ ರೋಧ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್ ಆಸುಪಾಸು ಇದ್ದದ್ದು 80-90 ಡಿಗ್ರಿಗೆ ಬರುವಾಗ ಕೆಲವು ನೂರು ಓಮ್‌ಗೆ ಇಳಿಯುತ್ತದೆ. ಕನೆಕ್ಟರಿನಲ್ಲಿ ತುಕ್ಕು ಕೂತರೆ ರೋಧ ಹೆಚ್ಚುತ್ತದೆ, ಇ.ಸಿ.ಯು. ಅದನ್ನು ತಣ್ಣಗಿದೆ ಎಂದು ಓದಿಕೊಳ್ಳುತ್ತದೆ. ತಂತಿ ತುಂಡಾಗಿಯೇ ಹೋದರೆ ರೋಧ ಅನಂತ. ಆಗ ಸ್ಕ್ಯಾನರ್ ಮೈನಸ್ 40 ಡಿಗ್ರಿ ತೋರಿಸುತ್ತದೆ. ಸೈಬೀರಿಯಾದ ಚಳಿಯನ್ನು ದಾವಣಗೆರೆಯಲ್ಲಿ ಕಂಡರೆ ಗಾಬರಿಯಾಗಬೇಕಿಲ್ಲ. ಉಷ್ಣಾಂಶವನ್ನು ಒಂದು ಬೈಟ್‌ನಲ್ಲಿ ಕಳಿಸುವಾಗ ಅದರ ಬೆಲೆಯಿಂದ 40 ಕಳೆದು ಓದಬೇಕೆಂಬುದು ಜಾಗತಿಕ ನಿಯಮ. ಬೈಟ್ ಸೊನ್ನೆಯಾದರೆ ಮೈನಸ್ 40. ಈ ಸಂಖ್ಯೆ ಕಂಡರೆ ಎಂಜಿನ್ ಬಿಟ್ಟು ವೈರಿಂಗ್ ನೋಡಿ.

ಸೆನ್ಸರನ್ನು ಪರೀಕ್ಷಿಸುವ ಅತಿ ಸುಲಭದ ಹೊತ್ತು ಬೆಳಗಿನ ಜಾವ. ರಾತ್ರಿಯಿಡೀ ನಿಂತ ಕಾರಿನಲ್ಲಿ ಎಲ್ಲ ಭಾಗಗಳೂ ಹೊರಗಿನ ಗಾಳಿಯಷ್ಟೇ ತಣ್ಣಗಿರುತ್ತವೆ. ಸ್ಟೀರಿಂಗ್ ಕೆಳಗಿನ ಓ.ಬಿ.ಡಿ. ಸಾಕೆಟ್‌ಗೆ ಸಣ್ಣ ಬ್ಲೂಟೂತ್ ರೀಡರ್ ಸಿಕ್ಕಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಮೊಬೈಲ್‌ನಲ್ಲಿ ನೋಡಿ. ಕೂಲೆಂಟಿನ ಉಷ್ಣಾಂಶ ಮತ್ತು ಒಳಬರುವ ಗಾಳಿಯ ಉಷ್ಣಾಂಶ ಹೆಚ್ಚೆಂದರೆ ಎರಡು ಮೂರು ಡಿಗ್ರಿ ಆಚೀಚೆ ಇರಬೇಕು. ಗಾಳಿ 23, ಕೂಲೆಂಟ್ 9 ಎಂದರೆ ತಪ್ಪು ಸೆನ್ಸರಿನದು. ಎರಡೂ ಹೊಂದಿದ್ದರೆ ಎಂಜಿನ್ ಕಾದ ಮೇಲೆ ಇನ್ನೊಂದು ಸಾಕ್ಷಿ ತೆಗೆದುಕೊಳ್ಳಿ. ಇನ್ಫ್ರಾರೆಡ್ ಗನ್ ಹಿಡಿದು ಥರ್ಮೋಸ್ಟಾಟ್ ಕೂರುವ ಗೂಡಿನ ಬಿಸಿ ಅಳೆಯಿರಿ. ಗೂಡು ಹೊಳೆಯುವ ಅಲ್ಯೂಮಿನಿಯಮ್ ಆಗಿದ್ದರೆ ಗನ್ ಕೂಡ ಮೋಸ ಮಾಡುತ್ತದೆ. ಹೊಳಪು ಲೋಹ ಅವಕೆಂಪು ಕಿರಣಗಳನ್ನು ತೀರ ಕಡಿಮೆ ಸೂಸುವುದರಿಂದ 90 ಡಿಗ್ರಿಯ ಮೇಲ್ಮೈಯೂ 50 ಎಂದು ತೋರಬಹುದು. ಎಂಜಿನ್ ತಣ್ಣಗಿರುವಾಗಲೇ ಆ ಜಾಗಕ್ಕೆ ಕರಿ ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿಟ್ಟು, ಅದರ ಮೇಲೆ ಅಳೆದರೆ ಸರಿಯಾದ ಅಂಕಿ ಸಿಗುತ್ತದೆ.

ಕೂಲೆಂಟ್ ಮಟ್ಟವನ್ನೂ ಈ ಹಂತದಲ್ಲೇ ನೋಡಬೇಕು, ಅದೂ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ. ಕೂಲೆಂಟ್ ಕಡಿಮೆಯಿದ್ದರೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗಿದ್ದರೆ ಸೆನ್ಸರಿನ ಮೂತಿ ನೀರಿನಲ್ಲಿ ಮುಳುಗದೆ ಗಾಳಿಯಲ್ಲಿರುತ್ತದೆ. ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ತಣ್ಣಗೆ ತೋರಿಸುತ್ತದೆ. ಇದು ಎಲ್ಲಕ್ಕಿಂತ ಅಪಾಯದ ಸುಳ್ಳು.

ಎರಡನೆಯ ಪ್ರಶ್ನೆ: ಯಾವಾಗ ತಣ್ಣಗಾಗುತ್ತದೆ?

ಎಂಜಿನ್ ನಿಜಕ್ಕೂ ತಣ್ಣಗಿದೆ ಎಂದು ಖಚಿತವಾದ ಮೇಲೆ, ಅದು ಯಾವ ಹೊತ್ತಿನಲ್ಲಿ ತಣ್ಣಗಾಗುತ್ತದೆ ಎಂಬುದೇ ಅರ್ಧ ಉತ್ತರ ಹೇಳಿಬಿಡುತ್ತದೆ. ಊರೊಳಗೆ ಸಿಗ್ನಲ್‌ಗಳಲ್ಲಿ ನಿಲ್ಲುತ್ತ ಹೋಗುವಾಗ ಮುಳ್ಳು ನಿಧಾನವಾಗಿ ಮೇಲೇರಿ ಸರಿಯಾದ ಜಾಗಕ್ಕೆ ಬರುತ್ತದೆ, ಹೆದ್ದಾರಿಗೆ ಸೇರಿ ವೇಗ ಹಿಡಿಯುತ್ತಲೇ ಇಳಿಯುತ್ತದೆ ಎಂದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ. ನಿಂತಾಗ ರೇಡಿಯೇಟರಿಗೆ ಗಾಳಿಯಿಲ್ಲ, ಓಡುವಾಗ ಬೇಕಾದ್ದಕ್ಕಿಂತ ಹೆಚ್ಚು ಗಾಳಿ. ನಮ್ಮ ಗೀಸರ್ ಲೆಕ್ಕ ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಇ.ಸಿ.ಯು. ಕೂಡ ಇಂಥದೇ ಲೆಕ್ಕ ಹಾಕುತ್ತದೆ. ಸ್ಟಾರ್ಟ್ ಮಾಡಿದಾಗಿನ ಉಷ್ಣಾಂಶ, ಹೊರಗಿನ ಗಾಳಿ, ಎಂಜಿನ್ ಮಾಡಿದ ಕೆಲಸ ಇವನ್ನು ನೋಡಿ ಇಷ್ಟು ಹೊತ್ತಿಗೆ ಇಷ್ಟು ಕಾಯಬೇಕಿತ್ತು ಎಂದು ಅಂದಾಜಿಸುತ್ತದೆ. ಕಾಯದಿದ್ದರೆ ಪಿ0128 ಎಂಬ ಕೋಡ್ ಬರೆದಿಟ್ಟು ಚೆಕ್ ಎಂಜಿನ್ ದೀಪ ಹಚ್ಚುತ್ತದೆ.

ಕೆಲವು ಸಂದರ್ಭಗಳಲ್ಲಿ ದೋಷವಿಲ್ಲದೆಯೂ ಎಂಜಿನ್ ತಣ್ಣಗಿರಬಹುದು. ಮನೆಯಿಂದ ಮಾರುಕಟ್ಟೆಗೆ ಎರಡು ಕಿ.ಮೀ. ಓಡಿಸಿ ನಿಲ್ಲಿಸಿದರೆ ಯಾವ ಎಂಜಿನ್ನೂ ಪೂರ್ತಿ ಕಾಯದು. ಡೀಸೆಲ್ ಎಂಜಿನ್ ನಿಂತಲ್ಲೇ ಚಾಲೂ ಇದ್ದರೆ ಬಿಸಿಯೇರಲು ಬಹಳ ಹೊತ್ತು ಬೇಕು. ಶಿರಾಡಿ ಘಾಟಿಯನ್ನು ಗೇರಿನಲ್ಲೇ ಇಳಿಯುವಾಗ ಇಂಧನ ಹೆಚ್ಚೂಕಡಿಮೆ ಸುಡುವುದೇ ಇಲ್ಲ, ಮುಳ್ಳು ಒಂದಿಷ್ಟು ಇಳಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಅನೇಕ ಕಾರುಗಳ ಮುಳ್ಳನ್ನು ಸಣ್ಣ ಏರಿಳಿತ ತೋರಿಸದಂತೆ ಮಾಡಿರುತ್ತಾರೆ. 80ರಿಂದ 100ರವರೆಗೂ ಅದು ನಡುವಿನಲ್ಲೇ ನಿಂತಿರುತ್ತದೆ. ಅಂಥ ಕಾರಿನಲ್ಲಿ ಮುಳ್ಳು ನಡುವಿನಿಂದ ಕೆಳಗಿಳಿದಿದೆ ಎಂದರೆ ಎಂಜಿನ್ ಸಾಕಷ್ಟೇ ತಣ್ಣಗಾಗಿದೆ. ಮುಳ್ಳೇ ಇಲ್ಲದ ಕಾರುಗಳಲ್ಲಿ ಎಂಜಿನ್ ಇನ್ನೂ ತಣ್ಣಗಿದೆ ಎಂದು ಹೇಳುವ ನೀಲಿ ದೀಪವಿದ್ದರೆ, ಅದು ಆರದೇ ಉಳಿಯುವುದು ಅಥವಾ ಹೆದ್ದಾರಿಯಲ್ಲಿ ಮತ್ತೆ ಹೊತ್ತಿಕೊಳ್ಳುವುದು ಇದೇ ದೂರು.

ಕೈ ಹೇಳುವ ಸಾಕ್ಷಿ

ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿ, ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಪೈಪಿನ ಮೇಲೆ ಕೈಯಿಡಿ. ಬೆಲ್ಟ್‌ ಮತ್ತು ಫ್ಯಾನಿನಿಂದ ಕೈ, ಸೆರಗು, ಸಡಿಲ ತೋಳು ದೂರವಿರಲಿ. ಥರ್ಮೋಸ್ಟಾಟ್ ಸರಿಯಿದ್ದರೆ ಹಲವು ನಿಮಿಷ ಪೈಪು ತಣ್ಣಗೇ ಇದ್ದು, ಕವಾಟ ತೆರೆದ ಗಳಿಗೆಗೆ ಏಕಾಏಕಿ ಬಿಸಿಯಾಗುತ್ತದೆ. ತೆರೆದೇ ಇದ್ದರೆ ಎಂಜಿನ್ ಜೊತೆಜೊತೆಗೇ ಪೈಪೂ ಮೆಲ್ಲನೆ ಬೆಚ್ಚಗಾಗುತ್ತ ಹೋಗುತ್ತದೆ. ಒಂದು ಎಚ್ಚರ: ಹಲವು ಹೊಸ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟನ್ನು ನೀರು ಎಂಜಿನ್ನಿಗೆ ಮರಳಿ ಬರುವ ದಾರಿಯಲ್ಲಿ ಕೂರಿಸಿರುತ್ತಾರೆ. ಅಲ್ಲಿ ಕೆಳಗಿನ ಪೈಪನ್ನು ನೋಡಬೇಕು.

ಫ್ಯಾನ್ ಸದಾ ತಿರುಗುತ್ತಿದ್ದರೆ ಅದೇ ಕಾರಣವಲ್ಲವೇ ಎಂದು ಕೇಳಬಹುದು. ರಿಲೇ ಅಂಟಿಕೊಂಡಿರಬಹುದು, ಯಾರೋ ಫ್ಯಾನನ್ನು ಬ್ಯಾಟರಿಗೆ ಡೈರೆಕ್ಟ್ ಕೊಟ್ಟಿರಬಹುದು, ದೊಡ್ಡ ಗಾಡಿಗಳಲ್ಲಿ ಫ್ಯಾನಿನ ಕ್ಲಚ್ ಜಾಮ್ ಆಗಿರಬಹುದು. ಸೆನ್ಸರ್ ಕೆಟ್ಟರೂ ಎಂಜಿನ್ ಸುಟ್ಟೀತೆಂಬ ಮುನ್ನೆಚ್ಚರಿಕೆಯಿಂದ ಇ.ಸಿ.ಯು. ಫ್ಯಾನನ್ನು ಸದಾ ಓಡಿಸುತ್ತದೆ. ಆದರೆ ಫ್ಯಾನ್ ತಣಿಸುವುದು ರೇಡಿಯೇಟರಿನಲ್ಲಿರುವ ನೀರನ್ನು. ಥರ್ಮೋಸ್ಟಾಟ್ ಸರಿಯಿದ್ದರೆ ಆ ತಣ್ಣೀರನ್ನು ಅದು ಒಳಗೆ ಬಿಡುವುದು ಅಳೆದು ತೂಗಿ. ಫ್ಯಾನೊಂದೇ ಎಂಜಿನ್ನನ್ನು 60 ಡಿಗ್ರಿಗೆ ಇಳಿಸಲಾರದು. ಹಾಗೆ ಇಳಿದಿದ್ದರೆ ದೋಷ ಎರಡು ಕಡೆ ಇದೆ.

ಕೊನೆಯ ಪರೀಕ್ಷೆ ಅಡುಗೆಮನೆಯಲ್ಲಿ. ಬಿಚ್ಚಿದ ಥರ್ಮೋಸ್ಟಾಟಿನ ಕವಾಟವನ್ನು ತುಸು ಒತ್ತಿ ತೆರೆದು, ಸಂದಿಯಲ್ಲಿ ದಾರವೊಂದನ್ನು ಇಟ್ಟು ಬಿಡಿ. ಸ್ಪ್ರಿಂಗ್ ದಾರವನ್ನು ಕಚ್ಚಿ ಹಿಡಿಯುತ್ತದೆ. ಹಿಡಿಯದಿದ್ದರೆ ಕವಾಟ ಮುಚ್ಚುತ್ತಲೇ ಇಲ್ಲ, ಪರೀಕ್ಷೆ ಅಲ್ಲಿಗೇ ಮುಗಿಯಿತು. ಹಿಡಿದರೆ ಆ ದಾರದಿಂದಲೇ ಅದನ್ನು ಹಳೆಯ ಪಾತ್ರೆಯೊಂದರ ನೀರಿನಲ್ಲಿ ತಳಕ್ಕೆ ತಾಗದಂತೆ ಇಳಿಬಿಡಿ. ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿ, ನಡುನಡುವೆ ಕಲಕುತ್ತಿರಿ. ಕವಾಟ ತೆರೆದ ಕ್ಷಣ ದಾರ ಸಡಿಲಾಗಿ ಥರ್ಮೋಸ್ಟಾಟ್ ಕಳಚಿ ಬೀಳುತ್ತದೆ. ಆಗ ಥರ್ಮಾಮೀಟರ್ ತೋರಿಸುವ ಅಂಕಿ ಅಂಚಿನಲ್ಲಿ ಕೊರೆದ ಅಂಕಿಗೆ ಹತ್ತಿರವಿರಬೇಕು. 88 ಎಂದು ಬರೆದದ್ದು 70ಕ್ಕೇ ಬಿದ್ದರೆ ಅದರ ಆಯಸ್ಸು ಮುಗಿದಿದೆ. 88 ಇರಬೇಕಾದ ಕಡೆ ಯಾರೋ 76ರದ್ದನ್ನು ಹಾಕಿರುವುದೂ ಉಂಟು. ಆಗ ವಾಲ್ವ್ ಕೆಟ್ಟಿಲ್ಲ, ಆಯ್ಕೆ ಕೆಟ್ಟಿದೆ.

ಹೊಸ ಥರ್ಮೋಸ್ಟಾಟ್ ಕೂರಿಸಿದ ಮೇಲೆ ಗಾಳಿ ಪೂರ್ತಿ ಹೊರಹೋಗುವಂತೆ ಕೂಲೆಂಟ್ ತುಂಬಿಸಬೇಕು, ಇಲ್ಲದಿದ್ದರೆ ಏರ್ ಲಾಕ್ ಆಗಿ ಹೊಸ ತಲೆನೋವು ಶುರುವಾಗುತ್ತದೆ. ವಾಲ್ವಿನ ಅಂಚಿನಲ್ಲಿ ಪುಟ್ಟ ರಂಧ್ರ ಮತ್ತು ಅದರಲ್ಲಿ ಅಲ್ಲಾಡುವ ಪಿನ್ ಇದ್ದರೆ ಸಿಕ್ಕಿಕೊಂಡ ಗಾಳಿ ನುಸುಳಿ ಹೋಗುವ ದಾರಿ ಅದೇ. ಕೂರಿಸುವಾಗ ಅದು ಮೇಲ್ಗಡೆ ಬರಬೇಕು.

ಮುಂದಿನ ಸಲ ಗ್ಯಾರೇಜಿನಲ್ಲಿ ಯಾರಾದರೂ 'ಥರ್ಮೋಸ್ಟಾಟ್ ತೆಗೆದುಬಿಡೋಣ ಸಾರ್, ಎಂಜಿನ್ ತಣ್ಣಗಿರುತ್ತೆ' ಎಂದರೆ ಒಪ್ಪಬೇಡಿ. ಓವರ್‌ಹೀಟ್ ಆಗುತ್ತಿದ್ದರೆ ಅದಕ್ಕೆ ಬೇರೆ ಕಾರಣವಿದೆ, ಅದನ್ನು ಹುಡುಕಿಸಿ. ಹಳೆಯ ವಾಲ್ವನ್ನು ಕೇಳಿ ಪಡೆದು ಅಂಚಿನ ಅಂಕಿ ಓದಿ, ಅದು ನಿಮ್ಮ ಗಾಡಿಗೆ ಕಂಪನಿ ಹೇಳಿದ ಅಂಕಿಯೇ ಎಂದು ಖಾತ್ರಿ ಮಾಡಿಕೊಂಡು ಅದೇ ಅಂಕಿಯ ಹೊಸದನ್ನು ಹಾಕಿಸಿ. ಎಂಜಿನ್ನಿಗೆ ಬೇಕಾದದ್ದು ತಂಪಲ್ಲ, ಹದವಾದ ಬಿಸಿ.